ಚಿರೋಟಿ ರವೆಗಿಂತ ನುಣ್ಣಗೆ

ನನಗೆ ಜಗಳ ಆಡಲು ಬರುತ್ತದೆ ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಜಂಬಕ್ಕೆ ಹೇಳುತ್ತಿಲ್ಲ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಹೋಳಿಗೆ ತಟ್ಟಲು ಬರುತ್ತದೆ, ನನಗೆ ಇದು ಬರುತ್ತದೆ. ಆದರೆ ಇದನ್ನು ಇನ್ನೊಬ್ಬರಿಗೆ ಕಲಿಸಬೇಕಾದೀತು, ಅದರಲ್ಲೂ ನನ್ನ ಅಕ್ಕನ ಮಗಳು ಸರ್ವಮಂಗಳೆಗೆ ಕಲಿಸಬೇಕಾದೀತು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಸರ್ವಮಂಗಳೆ ರವಿಕೆ ಹೊಲಿಯುವವಳು. ಸೂಜಿ ಚುಚ್ಚಿದರೆ ಸೂಜಿಗೇ ನೋವಾಯಿತೇನೋ ಎಂದು ನೋಡುವಂಥ ಹುಡುಗಿ. ಅವಳು ಮೆಚ್ಚಿದ ಮರುಳಸಿದ್ಧ ಐಸ್ ಫ್ಯಾಕ್ಟರಿಯಲ್ಲಿ ಐಸು ಕೊಯ್ಯುವವನು. ಎದುರಿಗೆ ಎಮ್ಮೆ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುವಷ್ಟು ಸಾಧು. ಎರಡೂ ಮನೆಯವರಿಗೆ ಒಪ್ಪಿಗೆ ಇತ್ತು. ಉಳಿದಿದ್ದು ಸರಳೊಂದೇ.

ನಮ್ಮೂರಿನಲ್ಲಿ ಮದುವೆಯಾಗುವ ಜೋಡಿ ಕುಲುಮೆಯಲ್ಲಿ ಕೂತು, ಬೇರೆ ಯಾರ ಕೈಯೂ ಸೋಕದಂತೆ, ಎರಡು ಮೊಳ ಉದ್ದದ ಒಂದು ಉಕ್ಕಿನ ಸರಳು ಬಡಿಯಬೇಕು. ಅದನ್ನು ತಂದು ಕಾಳುನೋಟದ ಪಂಪಾಪತಿಯವರ ಮುಂದೆ ಇಡಬೇಕು. ಅವರು ಸರಳಿನ ನಡುವೆ ಅರದಿಂದ ಒಂದು ಗೀರು ಹಾಕಿ, ಎರಡು ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟು, ಸರಪಳಿಗೆ ತೂಗುಬಿಟ್ಟ ಕಬ್ಬಿಣದ ಗುಂಡನ್ನು ಹಿಂದಕ್ಕೆ ಎಳೆದು ಬಿಡುತ್ತಾರೆ. ಸರಳು ಮುರಿಯುತ್ತದೆ. ಮುರಿದ ಮುಖದಲ್ಲಿ ಉಕ್ಕಿನ ಕಾಳು ಕಾಣುತ್ತದೆ. ಪಂಪಾಪತಿಯವರು ಭೂತಗನ್ನಡಿ ಹಿಡಿದು ನೋಡಿ, ಕಾಳು ಚಿರೋಟಿ ರವೆಯಷ್ಟೋ ಅದಕ್ಕಿಂತ ಸಣ್ಣಗೋ ಇದ್ದರೆ ಮದುವೆಯ ಚೀಟಿ ಬರೆದುಕೊಡುತ್ತಾರೆ. ಬನ್ಸಿ ರವೆಯಷ್ಟಿದ್ದರೆ ಹೋಗಿ ಮತ್ತೆ ಬಡಿಯಿರಿ ಎನ್ನುತ್ತಾರೆ. ಹೀಗೆ ನಾಲ್ಕು ಸಲ. ನಾಲ್ಕನೆಯದೂ ಕೈಕೊಟ್ಟರೆ ಆ ಜೋಡಿಗೆ ಹನ್ನೆರಡು ವರ್ಷ ಕುಲುಮೆಯ ಬಾಗಿಲು ಮುಚ್ಚಿದ ಹಾಗೆ. ಗೆದ್ದವರು ಮುರಿದ ಸರಳಿನ ಒಂದು ತುಂಡನ್ನು ಹೆಣ್ಣಿನ ತವರಿನ ಬಾಗಿಲಿಗೆ, ಇನ್ನೊಂದನ್ನು ಗಂಡಿನ ಮನೆಯ ಬಾಗಿಲಿಗೆ ತೂಗುಹಾಕುತ್ತಾರೆ.

ಸರ್ವಮಂಗಳೆ, ಮರುಳಸಿದ್ಧ ಬಡಿದ ಮೊದಲ ಸರಳು ಗುಂಡು ತಾಕಿದೊಡನೆ ಠಣ್ಣೆಂದು ಎರಡಾಯಿತು. ಒಳಗೆ ಕಲ್ಲುಸಕ್ಕರೆಯಂತೆ ಮಿರಮಿರ ಮಿಂಚುವ ದಪ್ಪ ಕಾಳು. ನೋಡಲು ಎಷ್ಟು ಚೆಂದವಿತ್ತೆಂದರೆ ಇಬ್ಬರೂ ಸೋತೆವೆಂಬುದನ್ನೂ ಮರೆತು ಅದನ್ನೇ ನೋಡುತ್ತ ನಿಂತರು. ಎರಡನೆಯದರಲ್ಲಿ ಹರಳುಪ್ಪು. ಮೂರನೆಯದು ಗುಂಡಿನವರೆಗೂ ಹೋಗಲಿಲ್ಲ. ಮರುಳಸಿದ್ಧನ ಕೈಜಾರಿ ಮೆಟ್ಟಿಲ ಮೇಲೆ ಬಿದ್ದು ಅಲ್ಲೇ ಎರಡು ತುಂಡಾಯಿತು.

"ಗಟ್ಟಿಗೇನೂ ಕೊರತೆ ಇಲ್ಲ ಮಗಳೇ," ಎಂದರು ಪಂಪಾಪತಿಯವರು. "ಗೀರು ಹಾಕೋಕೆ ಹೋದ್ರೆ ನನ್ನ ಅರವೇ ಜಾರುತ್ತೆ. ಆದ್ರೆ ಬರೀ ಗಟ್ಟಿ ಇದ್ರೆ ಆಗಲ್ಲ, ತಾಳಿಕೆ ಬೇಕು. ಒಂದು ಏಟು ಬಿದ್ರೆ ತಡ್ಕೋಬೇಕು. ಇನ್ನೊಂದೇ ಸಲ ಇರೋದು, ನೋಡ್ಕಳಿ."

ಅಕ್ಕ ಅತ್ತುಕೊಂಡು ನಮ್ಮ ಮನೆಗೆ ಬಂದಳು. ತಪ್ಪು ಎಲ್ಲಾಗುತ್ತಿದೆ ಎಂದು ನೋಡಲು ನಾನೇ ಕುಲುಮೆಗೆ ಹೋದೆ. ಜೋಡಿ ಒಂದು ತುಂಡು ಕಬ್ಬಿಣ ಇಟ್ಟುಕೊಂಡು ಕೈ ಪಳಗಿಸುತ್ತಿತ್ತು. ಮರುಳಸಿದ್ಧ ತಿದಿ ಒತ್ತುತ್ತಿದ್ದ, ಅವಳು ಇಕ್ಕಳ ಹಿಡಿದಿದ್ದಳು. ಕಬ್ಬಿಣ ದಾಳಿಂಬೆ ಬಣ್ಣಕ್ಕೆ ಬಂತು. ತೆಗೆದು ಬಡಿಯಬೇಕು. ಅವಳು ಅವನ ಮುಖ ನೋಡುತ್ತಿದ್ದಳು. ಕಿತ್ತಳೆ ಬಣ್ಣಕ್ಕೆ ಬಂತು. ಅವನು ಅವಳ ಮುಖ ನೋಡುತ್ತಿದ್ದ. ನಿಂಬೆಹಣ್ಣಿನ ಹಳದಿಗೆ ತಿರುಗಿತು, ಕಿಡಿ ಹಾರತೊಡಗಿತು. "ನಿಮ್ಮ ಕಣ್ಣಲ್ಲಿ ಕಿಡಿ ಕಾಣ್ತಿದೆ," ಎಂದ ಅವನು. "ಹೌದಾ?" ಎಂದಳು ಇವಳು. ಆಮೇಲೆ ತೆಗೆದು, ಪಾಪ ಅದಕ್ಕೆ ನೋವಾದೀತು ಎಂಬಂತೆ ನಾಲ್ಕು ಸಲ ತಟ್ಟಿ, ಮತ್ತೆ ಬೆಂಕಿಗಿಟ್ಟು, ಮತ್ತೆ ಮುಖ ನೋಡಿಕೊಳ್ಳತೊಡಗಿದರು.

ನನಗೆ ಅಲ್ಲೇ ಅರ್ಥವಾಯಿತು. ಬೆಂಕಿಯಲ್ಲಿ ಬಿಟ್ಟಷ್ಟು ಹೊತ್ತೂ ಕಾಳು ಸುಮ್ಮನಿರುವುದಿಲ್ಲ. ದೊಡ್ಡದು ಪಕ್ಕದ ಚಿಕ್ಕದನ್ನು ನುಂಗಿ ಇನ್ನೂ ದೊಡ್ಡದಾಗುತ್ತದೆ. ಕಾವು ಮಿತಿಯಲ್ಲಿರಬೇಕು, ಏಟು ಬಲವಾಗಿರಬೇಕು, ಹೊತ್ತು ಕಳೆಯಬಾರದು. ಪ್ರೀತಿಯಲ್ಲಿ ಮುಳುಗಿದವರಿಂದ ಈ ಮೂರರಲ್ಲಿ ಒಂದೂ ಆಗುವುದಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ನನ್ನ ಗಂಡ ಶಾಂತವೀರಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದರು. "ನಮ್ಮದು ಮೊದಲನೇ ಸಲಕ್ಕೇ ಚಿರೋಟಿ ರವೆ ಬಂದಿತ್ತಲ್ಲ, ಹೇಗೆ ಬಂತು ಹೇಳಿ?" ಎಂದೆ.

"ಹೇಗೆ ಬರುತ್ತೆ? ನೀನು ಬೈತಾ ಇದ್ದೆ, ನಾನು ಆ ಸಿಟ್ಟೆಲ್ಲ ಸರಳಿನ ಮೇಲೆ ತೀರಿಸ್ಕೋತಾ ಇದ್ದೆ. ಬೇಗ ಮುಗಿಸಿ ಮನೆಗೆ ಹೋದ್ರೆ ಸಾಕಾಗಿತ್ತು."

"ನಾನೆಲ್ಲಿ ಬೈತಿದ್ದೆ? ನೀವು ಸುತ್ತಿಗೆ ಹಿಡಿಯೋ ರೀತಿ ಸರಿ ಇರಲಿಲ್ಲ, ಹೇಳಿದೆ," ಎಂದೆ. ಅದರ ಮೇಲೆ ನಮಗೆ ಊಟದ ಹೊತ್ತಿನವರೆಗೂ ಮಾತು ನಡೆಯಿತು. ಆದರೆ ದಾರಿ ಸಿಕ್ಕಿತ್ತು. ಮರುದಿನವೇ ಜೋಡಿಯನ್ನು ಮನೆಗೆ ಕರೆಸಿ, ನಡುಮನೆಯಲ್ಲಿ ಹಾಸಿದ್ದ ದೊಡ್ಡ ಜಮಖಾನ ತೋರಿಸಿದೆ. "ಇಬ್ಬರೂ ಸೇರಿ ಇದನ್ನ ಮಡಚಿ," ಎಂದೆ. ಗಂಡಹೆಂಡಿರ ಜಗಳ ಕಲಿಯಲು ಜಮಖಾನಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇಬ್ಬರೂ ಎರಡೆರಡು ಮೂಲೆ ಹಿಡಿದು ನಿಂತರು. "ಉದ್ದಕ್ಕೆ ಮಡಚೋಣವಾ, ಅಗಲಕ್ಕಾ?" ಎಂದಳು ಅವಳು. "ನಿಮ್ಮಿಷ್ಟ," ಎಂದ. "ಇಲ್ಲ, ನಿಮ್ಮಿಷ್ಟ," ಎಂದಳು. "ನಿಮ್ಮಿಷ್ಟವೇ ನನ್ನಿಷ್ಟ," ಎಂದ. ನಾನು ಒಳಗೆ ಹೋಗಿ ಅನ್ನಕ್ಕಿಟ್ಟು, ಸಾರು ಕುದಿಸಿ, ಹಪ್ಪಳ ಕರಿದು ಹೊರಗೆ ಬಂದರೆ ಇಬ್ಬರೂ ಅಲ್ಲೇ ಜಮಖಾನ ಹಿಡಿದು ನಗುತ್ತ ನಿಂತಿದ್ದರು. ಎರಡನೆಯ ದಿನವೂ ಅದೇ ಕತೆ. "ಇವರಿಗೆ ನಾಲ್ಕನೇದೂ ಕಲ್ಲುಸಕ್ಕರೆಯೇ," ಎಂದರು ನನ್ನ ಗಂಡ, ಸ್ವಲ್ಪ ಸಂತೋಷದಿಂದಲೇ.

ಮೂರನೆಯ ದಿನ ಮರುಳಸಿದ್ಧನಿಗೆ ಕೈ ಸೋತಿರಬೇಕು. "ಉದ್ದಕ್ಕೇ ಮಡಚಿಬಿಡೋಣ. ನಮ್ಮಕ್ಕ ಹಾಗೇ ಮಡಚೋದು. ಅವಳ ಕೈ ಬಹಳ ಅಚ್ಚುಕಟ್ಟು," ಎಂದ.

ಜಮಖಾನದ ಆ ತುದಿ ಸಡಿಲವಾಯಿತು. ನಾನು ಮೊರ ಕೆಳಗಿಟ್ಟು ನೆಟ್ಟಗೆ ಕೂತೆ.

"ನನ್ನ ಕೈ?" ಎಂದಳು ಸರ್ವಮಂಗಳೆ.

"ನಿಮ್ಮ ಕೈ ತುಂಬಾ ಚೆನ್ನಾಗಿದೆ."

"ಅಚ್ಚುಕಟ್ಟಾಗಿದೆಯಾ ಅಂತ ಕೇಳ್ದೆ."

ಬೇರೆ ಯಾವ ಗಂಡಸಾದರೂ ಹೂಂ ಎಂದು ಪಾರಾಗುತ್ತಿದ್ದ. ಮರುಳಸಿದ್ಧ ಪ್ರಾಮಾಣಿಕ. ಯೋಚಿಸಿದ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಯೋಚಿಸಿದ, ಅಷ್ಟೇ. ಅಷ್ಟು ಸಾಕಾಯಿತು.

"ಹೊಲಿಗೆಯವಳಿಗೆ ಅಚ್ಚುಕಟ್ಟು ಹೇಳಿಕೊಡ್ತೀಯ? ಈ ಊರಲ್ಲಿ ಅರ್ಧ ಜನ ನಾನು ಹೊಲಿದ ರವಿಕೆ ಹಾಕ್ಕೊಂಡು ಓಡಾಡ್ತಾರೆ! ನೀನು ಕೊಯ್ಯೋ ಐಸು ಒಂದಾದ್ರೂ ಚೌಕವಾಗಿದೆಯಾ?"

ಮರುಳಸಿದ್ಧನ ಮುಖ ಬಿಳಿಚಿಕೊಂಡಿತು. "ಚೌಕವಾಗಿಲ್ವಾ?"

"ಒಂದು ಮೂಲೆ ಯಾವಾಗ್ಲೂ ಸೊಟ್ಟ. ಬೇಜಾರಾಗುತ್ತೆ ಅಂತ ಎರಡು ವರ್ಷದಿಂದ ಹೇಳಿರಲಿಲ್ಲ!"

"ಎರಡು ವರ್ಷದಿಂದ ಸುಳ್ಳು ಹೇಳ್ತಿದ್ಯಾ ನೀನು?" ಎಂದ ಅವನು. ಅವನ ಗಂಟಲಲ್ಲಿ ಅಂಥ ದನಿ ಇದೆ ಎಂದು ಅವನ ತಾಯಿಗೂ ಗೊತ್ತಿರಲಾರದು. ಜಮಖಾನ ಇಬ್ಬರ ಕೈಯಿಂದಲೂ ಬಿತ್ತು. ನೀವು ಹೋಗಿ ನೀನು ಬಂದದ್ದು ಕೇಳಿ ನನಗೆ ಆನಂದಕ್ಕೆ ಪಾರವೇ ಇಲ್ಲ. "ಹೋಗಿ, ಹೋಗಿ, ಹೀಗೇ ಕುಲುಮೆಗೆ ಹೋಗಿ!" ಎಂದು ಇಬ್ಬರನ್ನೂ ಬೆನ್ನು ಹಿಡಿದು ಹೊರಗೆ ದಬ್ಬಿದೆ.

ನಾಲ್ಕು ದಿನ ಅವರು ಕುಲುಮೆಯಲ್ಲಿದ್ದರು. ನಾನು ದಿನವೂ ಕಿಟಕಿಯಿಂದ ಇಣುಕುತ್ತಿದ್ದೆ. "ಸಾಕಾ?" "ಸಾಕು." ಇಷ್ಟೇ ಮಾತು. ಅವಳು ಸಾಕೆಂದ ಮೇಲೆ ತಿದಿಯನ್ನು ಒಂದೇ ಒಂದು ಸಲವೂ ಹೆಚ್ಚು ಒತ್ತುತ್ತಿರಲಿಲ್ಲ ಅವನು. ಸರಳು ಕಿತ್ತಳೆ ಬಣ್ಣ ದಾಟಲು ಬಿಡದೆ ಅವಳು ಎಳೆದು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದಳು. ಆ ಏಟುಗಳಲ್ಲಿ ಅವನ ಅಕ್ಕ ಇದ್ದಳು, ಅವನು ಯೋಚಿಸಿದ ಆ ಒಂದು ಉಸಿರಿನ ಹೊತ್ತು ಇತ್ತು. ಆಮೇಲೆ ಅವನು ಸುತ್ತಿಗೆ ತೆಗೆದುಕೊಳ್ಳುತ್ತಿದ್ದ. ಅವನ ಏಟುಗಳಲ್ಲಿ ಸೊಟ್ಟ ಮೂಲೆಯ ಎರಡು ವರ್ಷದ ಐಸೆಲ್ಲ ಇತ್ತು. ಒಬ್ಬರ ಪಕ್ಕ ಒಬ್ಬರು ನಿಲ್ಲಲಾರದೆ ಬೇಗ ಕಾಯಿಸಿ, ಬೇಗ ಬಡಿದು, ಆರಿಸಿ, ಮತ್ತೆ ಹದವಾಗಿ ಕಾಯಿಸಿ ಹೊಂಗೆ ಎಣ್ಣೆಯಲ್ಲಿ ಅದ್ದಿ, ಕೊನೆಗೆ ಸಣ್ಣ ಕಾವಿನಲ್ಲಿಟ್ಟು ನಿಧಾನಕ್ಕೆ ತಣಿಸಿ ಮುಗಿಸಿದರು.

ಐದನೆಯ ದಿನ ಸರ್ವಮಂಗಳೆ ನಮ್ಮ ಮನೆಗೆ ಬಂದಳು. "ಚಿಕ್ಕಮ್ಮಾ, ಈ ಸಲ ಚೀಟಿ ಸಿಗುತ್ತೆ," ಎಂದಳು. ನನಗೆ ಹಿಗ್ಗೋ ಹಿಗ್ಗು. "ಸಿಕ್ಕಿದ ಮೇಲೆ ಎಲ್ಲರ ಮುಂದೆ ಅದನ್ನ ಹರಿದು ಅವನ ಕೈಗೆ ಕೊಡ್ತೀನಿ. ನನಗೆ ಈ ಮದುವೆ ಬೇಡ."

ನಾನು ಓಡಿಕೊಂಡು ಐಸ್ ಫ್ಯಾಕ್ಟರಿಗೆ ಹೋದೆ. ಮರುಳಸಿದ್ಧ ಮರದ ಮೂಲೆಮಟ್ಟ ಇಟ್ಟುಕೊಂಡು ಒಂದೊಂದು ಐಸಿನ ಮೂಲೆಯನ್ನೂ ಅಳೆಯುತ್ತಿದ್ದ. ಕಣ್ಣು ಕೆಂಪಾಗಿತ್ತು. "ಚೀಟಿ ಬರಲಿ ಚಿಕ್ಕಮ್ಮಾ. ನಾವು ಸೋತೆವು ಅಂತ ಯಾರೂ ಅನ್ನಬಾರದು. ಆಮೇಲೆ ಅವಳ ದಾರಿ ಅವಳಿಗೆ," ಎಂದ.

ಆ ದಿನ ಊಟಕ್ಕೆ ಕೂತರೂ ನಾನು ತಟ್ಟೆಗೆ ಕೈ ಹಾಕಲಿಲ್ಲ. ಜಗಳದಲ್ಲಿ ಬಿಸಿ ಮಾಡುವುದನ್ನು ಕಲಿಸಿದ್ದೆ, ತಣಿಸುವುದನ್ನು ಕಲಿಸಿರಲಿಲ್ಲ. ನಾವು ಗಂಡಹೆಂಡತಿ ಮೂವತ್ತು ವರ್ಷದಿಂದ ಬೆಳಗ್ಗೆ ಜಗಳಾಡಿ ಮಧ್ಯಾಹ್ನಕ್ಕೆ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ನಡುವೆ ಏನು ನಡೆಯುತ್ತದೆ ಎಂದು ನನಗೇ ಗೊತ್ತಿಲ್ಲ, ಇನ್ನು ಹೇಳಿಕೊಡುವುದೇನು? "ಏನಾದ್ರೂ ಮಾಡಿ," ಎಂದು ಗಂಡನ ಮುಂದೆ ಕಣ್ಣೀರು ಹಾಕಿದೆ. ಅವರು ತಮ್ಮ ತಟ್ಟೆಯ ಹಪ್ಪಳ ಎತ್ತಿ ನನ್ನ ತಟ್ಟೆಗೆ ಹಾಕಿದರು.

ಪರೀಕ್ಷೆಯ ದಿನ ಅರ್ಧ ಊರೇ ಬಂದಿತ್ತು. ಪಂಪಾಪತಿಯವರು ಗೀರು ಹಾಕಿದರು, ಸರಳನ್ನು ಕಲ್ಲುಗಳ ಮೇಲೆ ಇಟ್ಟರು, ಗುಂಡು ಎಳೆದು ಬಿಟ್ಟರು. ಠಣ್ಣೆನ್ನಲಿಲ್ಲ. ಧೊಪ್ಪೆಂದಿತು. ಗುಂಡು ಪುಟಿದು ವಾಪಸು ಬಂತು. ಪಂಪಾಪತಿಯವರು ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಗುಂಡಿಗೆ ಹೆದರಿ ಪಕ್ಕಕ್ಕೆ ಹಾರಿದರು. ಸರಳು ಮೊಣಕೈ ಮಡಚಿದಷ್ಟು ಬಾಗಿತ್ತು. ಮುರಿದಿರಲಿಲ್ಲ. ಇನ್ನೊಮ್ಮೆ ಬಿಟ್ಟರು. ಇನ್ನಷ್ಟು ಬಾಗಿತು. ಗರಡಿಯ ಆಳುಗಳು ನಾಲ್ವರು ಬಂದು ಗುಂಡನ್ನು ಕೈಗೆಟಕುವವರೆಗೂ ಎತ್ತಿ ಬಿಟ್ಟರು. ಸರಳಿನ ಎರಡು ತುದಿಗಳು ಲಾಳದಂತೆ ಹತ್ತಿರ ಬಂದವು, ಅಷ್ಟೇ.

"ಮುರೀದೆ ಕಾಳು ಕಾಣಲ್ಲ. ಕಾಳು ಕಾಣದೆ ಚೀಟಿ ಇಲ್ಲ," ಎಂದರು ಪಂಪಾಪತಿಯವರು ಬೆವರು ಒರೆಸಿಕೊಳ್ಳುತ್ತ.

"ಅಂದ್ರೆ ಇದು ಸೋಲಾ?" ಎಂದಳು ಅಕ್ಕ.

"ಸೋಲು ಹೇಗಾಗುತ್ತೆ ತಾಯಿ? ಗೆಲುವೂ ಅಲ್ಲ. ಇಂಥದ್ದಕ್ಕೆ ನನ್ನ ಪುಸ್ತಕದಲ್ಲಿ ಜಾಗವೇ ಇಲ್ಲ." ಅವರು ತಲೆ ಕೆರೆದುಕೊಂಡರು. "ಉಕ್ಕು ಚಳಿಗೆ ಹೆದರುತ್ತೆ. ಎಂಥಾ ಉಕ್ಕಾದ್ರೂ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿದ್ರೆ ಗಾಜಿನ ಹಾಗೆ ಒಡೀಬಹುದು. ಐಸ್ ಫ್ಯಾಕ್ಟರಿಗೆ ತಗೊಂಡು ನಡೀರಿ!"

ಊರೇ ಮೆರವಣಿಗೆಯಲ್ಲಿ ಐಸ್ ಫ್ಯಾಕ್ಟರಿಗೆ ನಡೆಯಿತು. ಸರಳನ್ನು ಐಸಿನ ಪುಡಿ, ಉಪ್ಪು ಬೆರೆಸಿದ ತೊಟ್ಟಿಯಲ್ಲಿ ಹೂತರು. ಕಾಯುವ ಹೊತ್ತಿಗೆ ಎಲ್ಲರಿಗೂ ಐಸ್ ಕ್ಯಾಂಡಿ ಕೊಟ್ಟರು. ಪಂಪಾಪತಿಯವರೂ ಒಂದು ಕಿತ್ತಳೆ ಬಣ್ಣದ್ದನ್ನು ಚೀಪುತ್ತ ಗಂಭೀರವಾಗಿ ಕೂತರು. ಸರ್ವಮಂಗಳೆ ಒಂದು ಮೂಲೆಯಲ್ಲಿ, ಮರುಳಸಿದ್ಧ ಇನ್ನೊಂದು ಮೂಲೆಯಲ್ಲಿ. ಅವಳ ಕಣ್ಣು ಮಾತ್ರ ಗೋಡೆಗೆ ಜೋಡಿಸಿಟ್ಟಿದ್ದ ಐಸಿನ ಗಡ್ಡೆಗಳ ಮೇಲೆ ಹೋಯಿತು. ಒಂದರ ಮೂಲೆಯೂ ಸೊಟ್ಟಗಿರಲಿಲ್ಲ. ಅವಳು ನೋಡಿದ್ದನ್ನು ನಾನು ನೋಡಿದೆ. ಅವಳು ಕ್ಯಾಂಡಿ ಚೀಪುವುದನ್ನು ನಿಲ್ಲಿಸಿದ್ದಳು.

ಸಂಜೆಯ ಹೊತ್ತಿಗೆ ಬಟ್ಟೆ ಸುತ್ತಿದ ಕೈಯಿಂದ ಸರಳನ್ನು ಹೊರತೆಗೆದು ಓಡಿಕೊಂಡು ಬಂದು ಗುಂಡಿನ ಮುಂದಿಟ್ಟರು. ಧೊಪ್ಪ್. ಗೀರಿನ ಬುಡದಲ್ಲಿ ಎಳ್ಳಿನಷ್ಟು ಬಾಯಿ ಬಿಟ್ಟಿತು. ಅಷ್ಟೇ ನಿಂತಿತು.

ಪಂಪಾಪತಿಯವರು ಭೂತಗನ್ನಡಿ ಹಿಡಿದು ಮಂಡಿಯೂರಿ ಬಹಳ ಹೊತ್ತು ನೋಡಿದರು. "ಕಾಳು ದೊಡ್ಡದಿದ್ರೆ ಬಿರುಕಿಗೆ ಹೆದ್ದಾರಿ ಇದ್ದ ಹಾಗೆ. ಈ ಕಡೆ ನುಗ್ಗಿ ಆ ಕಡೆ ಹೊರಟುಹೋಗುತ್ತೆ. ಇಲ್ಲಿ ನೋಡಿ, ಒಳಗೆ ಕಾಲಿಟ್ಟ ಕೂಡಲೇ ಒಂದು ಓಣಿ, ತಿರುಗಿದ್ರೆ ಇನ್ನೊಂದು ಓಣಿ, ಓಣಿಗೊಂದು ಬಾಗಿಲು, ಬಾಗಿಲಿಗೊಬ್ಬಳು ಅಜ್ಜಿ ಕೂತು 'ಯಾರ ಮನೆಯವನಪ್ಪಾ ನೀನು, ಎಲ್ಲಿಗೆ ಹೊರಟೆ' ಅಂತ ಕೇಳ್ತಿದ್ದಾಳೆ. ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ ಬಿರುಕು ಅಲ್ಲೇ ಕೂತುಬಿಟ್ಟಿದೆ." ಅವರು ಬಿರುಕಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆದರೆ ಮನುಷ್ಯ ನಿಯಮದವರು. ಎದ್ದು ನಿಂತು, "ಗರಗಸ ತನ್ನಿ. ಮುಕ್ಕಾಲು ಭಾಗ ಕೊಯ್ದು ಉಳಿದಿದ್ದನ್ನ ಮುರಿಯೋಣ," ಎಂದರು.

"ಮುಟ್ಟಬೇಡಿ!" ಎಂಬ ಕೂಗು ಗುಂಪಿನ ಎರಡು ಕಡೆಯಿಂದ ಒಟ್ಟಿಗೇ ಬಂತು.

ಇಬ್ಬರೂ ಓಡಿ ಬಂದು ಸರಳಿಗೆ ಅಡ್ಡ ನಿಂತರು. ಒಬ್ಬರನ್ನೊಬ್ಬರು ನೋಡಲಿಲ್ಲ; ಪಂಪಾಪತಿಯವರನ್ನು ನುಂಗುವ ಹಾಗೆ ನೋಡಿದರು. "ಇಷ್ಟು ಹದವಾಗಿ ತಿದಿ ಒತ್ತೋನು ಈ ಊರಲ್ಲಿ ಯಾರಿದಾನೆ ತೋರಿಸಿ," ಎಂದಳು ಸರ್ವಮಂಗಳೆ, ಬೈಯುವ ದನಿಯಲ್ಲೇ. "ನಾಲ್ಕು ದಿನ! ನಾನು ಸಾಕು ಅಂದ ಮೇಲೆ ಒಂದು ಉಸಿರು ಗಾಳಿ ಹೆಚ್ಚಿಗೆ ಹಾಕಲಿಲ್ಲ ಈ ಮನುಷ್ಯ. ಅದನ್ನ ಕೊಯ್ತೀರಾ?"

"ಅವಳು ಹಾಕಿದ ಒಂದೊಂದು ಏಟನ್ನೂ ನಾನು ನೋಡಿದೀನಿ," ಎಂದು ಗುಡುಗಿದ ಮರುಳಸಿದ್ಧ. "ಮಾತಾಡಲ್ಲ ಅಂತಿದ್ದೆ, ನೋಡಲ್ಲ ಅಂತ ಹೇಳಿರಲಿಲ್ಲ! ಹೊಲಿಗೆ ಹಾಕಿದ ಹಾಗೆ, ಒಂದರ ಪಕ್ಕ ಒಂದು. ಅಷ್ಟು ಅಚ್ಚುಕಟ್ಟು ನಮ್ಮಕ್ಕನಿಗೆ ಈ ಜನ್ಮದಲ್ಲಿ ಬರಲ್ಲ!"

ಅವನ ಅಕ್ಕ ಜನರ ನಡುವೆಯೇ ಇದ್ದಳು. ಅವಳ ಮುಖದ ಮೇಲೆ ಏನು ನಡೆಯಿತು ಎಂದು ಹೇಳಲು ನನಗೆ ಬಾರದು. ಸರ್ವಮಂಗಳೆ ಮಾತ್ರ ನಿಧಾನಕ್ಕೆ ಅವನ ಕಡೆ ತಿರುಗಿದಳು. "ಆ ದಿನ ಯಾಕೆ ಹೇಳಲಿಲ್ಲ ಮತ್ತೆ?" ಎಂದಳು. "ಆ ದಿನ ಗೊತ್ತಿರಲಿಲ್ಲ," ಎಂದ ಅವನು. ಪ್ರಾಮಾಣಿಕ ಎಂದೆನಲ್ಲ. ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನು ಮುಂದಿನದು ನನ್ನ ಕೆಲಸ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಪಂಪಾಪತಿಯವರ ಮುಂದೆ ನಿಂತೆ. "ಸ್ವಾಮಿ, ಬಿರುಕು ಬಿಟ್ಟಲ್ಲಿ ಭೂತಗನ್ನಡಿ ಹಾಕಿ ನೋಡಿದ್ರಲ್ಲ. ಕಾಳು ಕಂಡಿತಾ?"

"ಇಲ್ಲ ರುದ್ರಮ್ಮ. ಕಣ್ಣಿಗೆ ಸಿಗಲಿಲ್ಲ."

"ಚಿರೋಟಿ ರವೆಯಷ್ಟಿದ್ದಿದ್ರೆ ಕಾಣ್ತಿತ್ತಾ?"

"ಚೆನ್ನಾಗಿ ಕಾಣ್ತಿತ್ತು."

"ಮೈದಾ ಹಿಟ್ಟಿನಷ್ಟಿದ್ದಿದ್ರೆ?"

"ಕಷ್ಟಪಟ್ಟು ನೋಡಿದ್ರೆ ಕಾಣ್ತಿತ್ತು."

"ಹಾಗಾದ್ರೆ ಕಾಣದೇ ಇರೋದು ಅದಕ್ಕಿಂತ ಸಣ್ಣದು ತಾನೇ? ಸುಳ್ಳು ಬರೀಬೇಡಿ ನೀವು. ಕಂಡಿದ್ದು ಬರೀರಿ. ಕಾಣದಿದ್ರೆ ಕಾಣಲಿಲ್ಲ ಅಂತ ಬರೀರಿ."

ಪಂಪಾಪತಿಯವರು, "ಆದ್ರೆ ನಿಯಮದ ಪ್ರಕಾರ..." ಎಂದರು. ಆ ಮಾತಿಗೆ ನಾನು ಕೊಟ್ಟ ಉತ್ತರ ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅದರಲ್ಲಿ ಅವರ ಅಜ್ಜನ ವಿಷಯವೂ ಬಂದುಹೋಯಿತು. ಕೊನೆಗೆ ಅವರು ಕೂತು, ಲೇಖನಿ ತೆಗೆದು, ಕಾಳು ಎಂದಿದ್ದ ಕಡೆ ದುಂಡು ಅಕ್ಷರದಲ್ಲಿ 'ಕಣ್ಣಿಗೆ ಕಾಣಲಿಲ್ಲ' ಎಂದು ಬರೆದು ರುಜು ಹಾಕಿದರು. ಹಾಕಿ, ಆ ಚೀಟಿಯನ್ನು ಬಹಳ ಹೊತ್ತು ನೋಡಿ, ಇಷ್ಟು ಒಳ್ಳೆಯ ಚೀಟಿ ತಮ್ಮ ಕೈಯಿಂದ ಇದುವರೆಗೆ ಹೋಗಿರಲಿಲ್ಲ ಎಂದರು. ಸರ್ವಮಂಗಳೆ ಅದನ್ನು ಹರಿಯಲಿಲ್ಲ. ಮರುಳಸಿದ್ಧ ಹರಿದಾಳೇನೋ ಎಂದು ಅದರ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಆಮೇಲೆ ಹೊಸ ತಾಪತ್ರಯ ಶುರುವಾಯಿತು. ಎರಡು ಮನೆಯ ಬಾಗಿಲಿಗೆ ಎರಡು ತುಂಡು ಬೇಕು. ಸರಳು ಒಂದೇ. ಮೊದಲು ತವರಿಗೆ ಎಂದಳು ಅಕ್ಕ. ಗಂಡಿನ ಮನೆಗೆ ಎಂದರು ಮರುಳಸಿದ್ಧನ ತಾಯಿ ಹೊನ್ನಮ್ಮ. ಇಬ್ಬರೂ ಲಾಳದಂತಿದ್ದ ಸರಳಿನ ಒಂದೊಂದು ಕಾಲು ಹಿಡಿದು ಎಳೆದರು. ಸರಳು ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ತೀರ್ಮಾನವಾಯಿತು.

ಮದುವೆಯಾಗಿ ಆರು ತಿಂಗಳು ಕಳೆದ ಮೇಲೆ, ಒಂದು ಬೆಳಗ್ಗೆ, ಗಂಡಹೆಂಡತಿ ಸರಳನ್ನು ಅಕ್ಕನ ಮನೆಯಿಂದ ಇಳಿಸಿ ಹೊನ್ನಮ್ಮನ ಮನೆಗೆ ಸಾಗಿಸುತ್ತ ನಮ್ಮ ಬೀದಿಯಲ್ಲಿ ಬಂದರು. ಒಬ್ಬರೇ ಹೊರಬಹುದಾದ ಭಾರ. ಆದರೆ ಇಬ್ಬರಿಗೂ ಇನ್ನೊಬ್ಬರ ಕೈಯ ಮೇಲೆ ನಂಬಿಕೆ ಇಲ್ಲ, ಹಾಗಾಗಿ ಅವಳು ಒಂದು ತುದಿ, ಅವನು ಒಂದು ತುದಿ. ತುದಿಗಳು ಬಾಗಿ ಹತ್ತಿರ ಬಂದಿದ್ದರಿಂದ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯದೆ ಬೇರೆ ದಾರಿ ಇರಲಿಲ್ಲ. "ಬಾವಿ ಪಕ್ಕದ ಓಣಿ ಹತ್ತಿರ," ಎನ್ನುತ್ತಿದ್ದಳು ಅವಳು. "ಆ ಓಣೀಲಿ ತಿರುವು ಜಾಸ್ತಿ, ನೇರ ಹೋಗೋಣ," ಎನ್ನುತ್ತಿದ್ದ ಅವನು. "ನೇರ ಹೋದ್ರೆ ನಿಮ್ಮಕ್ಕನ ಮನೆ ಸಿಗುತ್ತೆ." "ಸಿಕ್ಕಿದ್ರೇನೀಗ?" ಜಗುಲಿಯ ಮೇಲೆ ನಿಂತು ನೋಡುತ್ತಿದ್ದ ನನ್ನನ್ನು ಇಬ್ಬರೂ ಗಮನಿಸಲಿಲ್ಲ. ಬಾವಿ ಪಕ್ಕದ ಓಣಿಗೇ ತಿರುಗಿದರು. ಅವರು ಕಣ್ಮರೆಯಾದ ಮೇಲೂ ಬಹಳ ಹೊತ್ತು ಇಬ್ಬರ ದನಿಯೂ ಕೇಳುತ್ತಿತ್ತು.